ಅಪ್ಪನ ಕ್ಲಚ್ಚು, ನನ್ನ ಗೇರು

ಆಗಿನ್ನೂ ಹೊಸೂರು ರಸ್ತೆಯ ಮೇಲ್ಸೇತುವೆಗೆ ಕಂಬಗಳಷ್ಟೇ ಎದ್ದಿದ್ದವು. ಮಳೆ ಬಂದರೆ ಎಲೆಕ್ಟ್ರಾನಿಕ್ ಸಿಟಿಯ ಬಸ್ಸುಗಳೆಲ್ಲ ಬೊಮ್ಮನಹಳ್ಳಿಯಲ್ಲೇ ನೆನೆಯುತ್ತ ನಿಲ್ಲುತ್ತಿದ್ದವು. ನಾವು ಮಕ್ಕಳು ಮಾತ್ರ ಬೇಗೂರಿನ ನಮ್ಮ ವಠಾರದ ಮುಂದೆ, ಅಪ್ಪನ ಹಳೇ ಜೀಪಿನಲ್ಲಿ ಕೂತು ಬಾಯಲ್ಲೇ ಹಾರ್ನ್ ಹೊಡೆಯುತ್ತ ಊರೂರು ಸುತ್ತಿ ಬರುತ್ತಿದ್ದೆವು. ಗ್ರೀಸು ಮತ್ತು ಒದ್ದೆ ಟಾರ್ಪಾಲಿನ ಆ ವಾಸನೆ ಇವತ್ತಿಗೂ ಮೂಗಿಗೆ ಬಡಿದರೆ ನನಗೆ ಯಾಕೋ ಹಸಿವಾಗುತ್ತದೆ.

ನಾನು ಆರನೇ ಕ್ಲಾಸಿನಲ್ಲಿದ್ದ ವರ್ಷ, ಕಾರ್ಖಾನೆಯ ಪ್ರೆಸ್ ಮೆಷಿನ್ನಿಗೆ ಸಿಕ್ಕಿ ಅಪ್ಪನ ಎಡಗೈ ಹಿಡಿತ ಕಳೆದುಕೊಂಡಿತು. ಬೆರಳುಗಳು ಉಳಿದವು, ಆದರೆ ಗೇರು ಎಳೆಯುವ ಶಕ್ತಿ ಉಳಿಯಲಿಲ್ಲ. ಪ್ರತಿ ಮಳೆಗಾಲ ಜೊತೆ ಕೆಲಸದವರೆಲ್ಲ ಜೀಪುಗಳಲ್ಲಿ ಸಕಲೇಶಪುರದಾಚೆಯ ಬೆಟ್ಟಕ್ಕೆ, ಕಡಿದಾದ ಕೆಸರಿನ ಏರೊಂದನ್ನು ಹತ್ತಿ ಹೋಗಿ ಡೇರೆ ಹಾಕುವುದು ವಾಡಿಕೆ. “ಈ ಸಲ ಆ ಏರು ಹತ್ಸಕ್ಕಾಗ್ಲಿಲ್ಲ ಅಂದ್ರೆ ಜೀಪ್ ಮಾರ್ಬಿಡ್ತೀನಿ ಕಣೇ,” ಎಂದು ಅಪ್ಪ ಅಮ್ಮನಿಗೆ ಹೇಳಿದ್ದು ನನಗೂ ಕೇಳಿತು.

“ಮಗಳಿದಾಳಲ್ಲ, ಅವಳ ಕೈಲೇ ಗೇರ್ ಹಾಕ್ಸಿ,” ಎಂದಳು ಅಮ್ಮ, ತಮಾಷೆಗೆ.

ಅಪ್ಪ ಅದನ್ನು ನಿಜವೆಂದೇ ಹಿಡಿದರು. ವಾರವೆಲ್ಲ ಸಂಜೆ ನಿಂತ ಜೀಪಿನಲ್ಲೇ ನಮ್ಮ ಅಭ್ಯಾಸ ನಡೆಯಿತು. ಅಪ್ಪ ಕ್ಲಚ್ ಒತ್ತಿ “ಹೂಂ” ಎನ್ನುವುದು, ಪಕ್ಕದ ಸೀಟಿನಿಂದ ನಾನು ಗೇರು ಬದಲಿಸುವುದು. ವಠಾರದ ಹುಡುಗರು ಕಿಸಕಿಸ ನಗುತ್ತಿದ್ದರು. ಅವರಿಗೇನು ಗೊತ್ತು, ನಾನಾಗಲೇ ಬೆಟ್ಟದ ಮೇಲಿದ್ದೆ!

ಹೈವೇಯಲ್ಲಿ ಬಸಣ್ಣ ಮಾಮ ಓಡಿಸಿದರು. ಬಾಗಲಕೋಟೆಯವರು, ಅಪ್ಪನ ಪಕ್ಕದ ಮೆಷಿನ್ನಿನವರು. ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಅವರ ಕಾಲ ಬಳಿ ಗಲಗಲ ಅನ್ನುತ್ತಿತ್ತು. ಮಣ್ಣಿನ ದಾರಿ ಬಂದದ್ದೇ ಅವರಿಳಿದು ಅಪ್ಪನಿಗೆ ಜಾಗ ಬಿಟ್ಟು ಹಿಂದೆ ಹತ್ತಿ ಕೂತರು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದಿನ ಜೀಪುಗಳು ಒಂದೊಂದಾಗಿ ಅದರೊಳಗೆ ಕರಗಿಹೋದವು. ಮಳೆ ಬೀಳುವ ಸದ್ದಷ್ಟೇ ಉಳಿದಿತ್ತು. ನಾವು ನೆಲದ ಮೇಲೆ ಹೋಗುತ್ತಿದ್ದೇವೋ ಮೋಡದ ಮೇಲೋ ತಿಳಿಯದೆ, ನಾನು ಗೇರು ಹಿಡಿದು ಕನಸು ಕಾಣುತ್ತಲೇ ಕೂತಿದ್ದೆ.

ಕೊನೆಗೆ ಆ ಏರು ಬಂತು. ಕೆಂಪು ಕೆಸರು, ನಡುವೆ ಹರಿಯುವ ನೀರು. ಏರು ಮುಟ್ಟುವ ಮೊದಲೇ ಎರಡನೇ ಗೇರು ಬೀಳಬೇಕು, ಆಮೇಲೆ ಬದಲಿಸುವಂತಿಲ್ಲ. “ಹೂಂ” ಎಂದರು ಅಪ್ಪ. ನಾನು ಎಳೆದೆ, ಗೇರು ನಡುವೆಯೇ ನಿಂತುಬಿಟ್ಟಿತು. ಎಂಜಿನ್ ಸುಮ್ಮನೆ ಅಬ್ಬರಿಸಿ ಜೀಪು ಹಿಂದಕ್ಕೆ ಜಾರಿತು. ಬಸಣ್ಣ ಮಾಮ ಹಿಂದಿನಿಂದ ಧುಮುಕಿ ಚಕ್ರಕ್ಕೆ ಕಲ್ಲು ಕೊಟ್ಟರು.

ಮೇಲಿನಿಂದ ಯಾರೋ ಕೂಗಿದರು: “ಇಳಿ ಗುರು, ನಾನ್ ಬಂದು ಹತ್ತಿಸ್ತೀನಿ!”

ಅಪ್ಪ ಬಾಗಿದ ಬೆರಳುಗಳನ್ನು ತೊಡೆಗೆ ಉಜ್ಜುತ್ತ ಕೂತರು. ಇಳಿದುಬಿಡುತ್ತಾರೆ ಅನ್ನಿಸಿತು. ನನಗೆ ಅಳು ಉಕ್ಕಿ ಬಂತು, “ಇಳೀಬೇಡಪ್ಪಾ, ಇನ್ನೊಂದ್ಸಲ” ಎಂದೆ.

“ಹೆದರಬ್ಯಾಡ ಯವ್ವಾ, ಕೈ ಒರಸ್ಕೊ,” ಎಂದು ಬಸಣ್ಣ ಮಾಮ ತಮ್ಮ ಟವೆಲ್ ಕೊಟ್ಟರು.

ಕೈ ಒರೆಸಿಕೊಂಡೆ. ಜೀಪು ಹಿಂದೆ ಹೋಗಿ ಮತ್ತೆ ಓಡಿಬಂತು. ಈ ಸಲ ನಾನು ದಾರಿಯನ್ನು ನೋಡಲೇ ಇಲ್ಲ, ಕಣ್ಣು ಮುಚ್ಚಿ ಅಪ್ಪನ ದನಿಗೆ ಕಾದೆ. “ಹೂಂ.” ಕಟಕ್ ಎಂದು ಗೇರು ಬಿತ್ತು. ಕೆಸರು ಗಾಜಿಗೆ ರಾಚಿತು, ಆಕಾಶ ವಾಲಿತು. ಕಣ್ಣು ಬಿಟ್ಟಾಗ ಜೀಪು ಸಮತಟ್ಟಾದ ಹುಲ್ಲಿನ ಮೇಲಿತ್ತು, ಅಪ್ಪ ನಗುತ್ತಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ಸಂಜೆ ಡೇರೆಯೊಳಗೆ ಅನ್ನ ಬೇಯುವ ಹಬೆ, ಹೊಗೆ, ಟಾರ್ಪಾಲಿನ ಮೇಲೆ ಮಳೆ. ಮೆತ್ತಗಾದ ರೊಟ್ಟಿಯನ್ನು ಚಟ್ನಿಗೆ ಒತ್ತಿ ತಿಂದೆವು. ಅಪ್ಪನದು ಎಲ್ಲರ ಮುಂದೂ ಅದೇ ಕಥೆ: “ನಾನೆಲ್ಲಿ ಹತ್ತಿಸ್ದೆ? ನಮ್ ಡ್ರೈವರಮ್ಮನ್ನ ಕೇಳಿ.”

ಜೀಪು ಆಮೇಲೂ ಬಹಳ ಕಾಲ ನಮ್ಮಲ್ಲಿತ್ತು. ತುಕ್ಕು ತಿಂದು ಕೊನೆಗೆ ಗುಜರಿಗೆ ಹೋಯಿತು. ಬಸಣ್ಣ ಮಾಮ ಊರಿಗೆ ಮರಳಿದರು. ಈಗ ನನ್ನದು ತಾನೇ ಗೇರು ಬದಲಿಸಿಕೊಳ್ಳುವ ಕಾರು. ಮೊನ್ನೆ ಮಳೆಯಲ್ಲಿ ಅಪ್ಪನನ್ನು ಪಕ್ಕಕ್ಕೆ ಕೂರಿಸಿಕೊಂಡು ಮೇಲ್ಸೇತುವೆ ಹತ್ತುತ್ತಿದ್ದೆ. ಅರೆನಿದ್ದೆಯಲ್ಲಿದ್ದ ಅವರು ಏರು ಬರುತ್ತಲೇ ಎಡಗಾಲು ಒತ್ತಿ “ಹೂಂ” ಎಂದರು. ನನ್ನ ಕೈ ತಾನಾಗಿ ಗೇರಿಗೆ ಹೋಯಿತು. ಅಲ್ಲಿ ಬದಲಿಸುವುದಕ್ಕೆ ಏನೂ ಇರಲಿಲ್ಲ. ಆದರೂ “ಬಿತ್ತಪ್ಪಾ” ಎಂದೆ.