ತಕ್ಕಡಿಯಮ್ಮನ ಮೊಮ್ಮಗಳ ತೂಕ

ಹಳೇ ಪೇಪರ್, ಖಾಲಿ ಬಾಟಲಿ, ತಗಡು, ತಂತಿ ಕೊಳ್ಳುವ ಆ ಗುಜರಿ ಅಂಗಡಿಯ ಒಡತಿಗೆ ಅಪ್ಪ ಅಮ್ಮ ಇಟ್ಟ ಹೆಸರು ಏನಿತ್ತೋ, ಬೀದಿಯವರಿಗಂತೂ ಅವಳು ತಕ್ಕಡಿಯಮ್ಮ. ಗಂಡ ಇದ್ದಾಗ ಅಂಗಡಿ ಹೆಚ್ಚುಕಡಿಮೆ ಮುಳುಗಿಹೋಗಿತ್ತು. ಆತ ಯಾರು ಏನು ಹೇಳಿದರೂ ಹೂಂಗುಟ್ಟುವ ಮನುಷ್ಯ. ಜನ ಪೇಪರ್ ಕಟ್ಟಿನ ಮಧ್ಯೆ ಕಲ್ಲಿಟ್ಟು ತಂದು, ಅವನಿಗೆ ಟೋಪಿ ಹಾಕಿ, ಅವನದೇ ಟೀ ಕುಡಿದು ಹೋಗುತ್ತಿದ್ದರು. ಅವನು ತೀರಿಕೊಂಡ ಮೇಲೆ ತಕ್ಕಡಿ ಇವಳ ಕೈಗೆ ಬಂತು. ಇವಳು ಕಟ್ಟು ಬಿಚ್ಚದೆ ಒಂದು ದಿನವೂ ತೂಗಿದವಳಲ್ಲ. ತೂಕ ಬರಲೆಂದು ಪೇಪರ್‌ಗೆ ನೀರು ಹೊಡೆದು ತಂದವರನ್ನು ಮೂಸಿ ನೋಡಿಯೇ ಹಿಡಿಯುತ್ತಿದ್ದಳು. ಇದರಿಂದ ಅಂಗಡಿ ಉಳಿಯಿತು, ಇಲ್ಲವೆನ್ನಲಾಗದು. ಅಂಗಡಿ ಬಾಗಿಲು ಹಾಕಿದ ಮೇಲೂ ಆ ಕಣ್ಣು ಮುಚ್ಚುತ್ತಿರಲಿಲ್ಲ ಅನ್ನುವುದೇ ತೊಂದರೆ. ಸೊಸೆ ಹಾಲು ಕಾಯಿಸಿದರೆ ಉಕ್ಕಿದ್ದೆಷ್ಟು, ಕುಡಿದದ್ದೆಷ್ಟು ಎಂದು ನೋಡುವ ಕಣ್ಣು ಅದು.

ಇಂಥ ಮನೆಯಲ್ಲಿ ಮೊಮ್ಮಗಳು ದಿನ ತುಂಬುವ ಮೊದಲೇ ಹುಟ್ಟಿಬಿಟ್ಟಳು. ಬೊಗಸೆಯಲ್ಲಿ ಮಲಗುವಷ್ಟೇ ಮಗು. ಮಗ ಲಾರಿ ತೆಗೆದುಕೊಂಡು ದೂರ ಹೋಗಿದ್ದ; ಆಸ್ಪತ್ರೆ ಓಡಾಟವೆಲ್ಲ ಅತ್ತೆ ಸೊಸೆಯರ ಪಾಲಿಗೆ ಬಂತು. ಮೊದಲು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಮಗು ತಾನಾಗಿ ಉಸಿರಾಡತೊಡಗಿದ ಮೇಲೆ ತಾಯಂದಿರ ವಾರ್ಡಿಗೆ ಕೊಟ್ಟರು.

ಅಲ್ಲಿ ಹೊಸ ಪದ್ಧತಿ. ಮಗುವನ್ನು ಬರಿಮೈಯಲ್ಲಿ ತಾಯಿಯ ಎದೆಗೆ ಒರಗಿಸಿ ಬಟ್ಟೆ ಸುತ್ತಿ ಕಟ್ಟಬೇಕು. ಹಿಂಡಿಟ್ಟ ಎದೆಹಾಲನ್ನು ಡಾಕ್ಟರು ಹೇಳಿದ ಅಳತೆಗೆ, ಹೇಳಿದ ಹೊತ್ತಿಗೆ, ತಾಯಿಯೇ ಚಮಚದಲ್ಲಿ ಕುಡಿಸಬೇಕು. ಮನೆಯವರೊಬ್ಬರು ಜೊತೆಗಿದ್ದು ತಾಯಿಗೆ ದಣಿವಾದಾಗ ತಾವೂ ಮಗುವನ್ನು ಎದೆಗೆ ಕಟ್ಟಿಕೊಳ್ಳಬಹುದು. ತಕ್ಕಡಿಯಮ್ಮ ಮೂಗು ಮುರಿದಳು. ಪೆಟ್ಟಿಗೆಯನ್ನು ಬೇರೆ ಯಾರಿಗೋ ಕೊಡಲೆಂದೇ ನಮ್ಮನ್ನು ಹೊರಗೆ ಹಾಕಿದ್ದಾರೆ, ಸಂಬಳ ಅವರಿಗೆ ಚಾಕರಿ ನಮಗೆ, ಎಂದು ಪಕ್ಕದ ಮಂಚದವಳ ಕಿವಿಯಲ್ಲಿ ಉಸುರಿದಳು. ವಾರ್ಡಿನ ಸಿಸ್ಟರ್‌ಗೆ ಅದು ಕೇಳಿಸಿತು. ಆಕೆ ಮಗುವನ್ನು ತಂದು ಮುದುಕಿಯ ಎದೆಗೇ ಕಟ್ಟಿಬಿಟ್ಟಳು. ಮಗು ಬೆಚ್ಚಗಾಗಿ ನಿದ್ದೆ ಹೋಯಿತು. ಮುದುಕಿಗೂ ಹಿತವಾಯಿತು, ಆದರೆ ಹಾಗೆಂದು ಬಾಯಿಬಿಟ್ಟು ಹೇಳುವವಳಲ್ಲ ಅವಳು.

ಅವಳ ಜೀವವೆಲ್ಲ ಇದ್ದದ್ದು ಬೆಳಗಿನ ತೂಕದಲ್ಲಿ. ತೂಕ ಏರುತ್ತ ಹೋದರೆ ಮಗು ಮನೆಗೆ, ಇಲ್ಲದಿದ್ದರೆ ಇಲ್ಲೇ. ದಿನವೂ ಬೆಳಿಗ್ಗೆ, ಹಾಲು ಕುಡಿಸುವ ಮೊದಲು, ಸಿಸ್ಟರ್ ಮಗುವಿನ ಬಟ್ಟೆ ಬಿಚ್ಚಿ ತೂಗುತ್ತಿದ್ದಳು. ತಕ್ಕಡಿಯಮ್ಮ ಮನೆಯಿಂದ ಊಟದ ಡಬ್ಬಿ ಹಿಡಿದು ಬರುವಷ್ಟರಲ್ಲಿ ಅದು ಮುಗಿದಿರುತ್ತಿತ್ತು. ಬಂದವಳ ಮೊದಲ ಮಾತೇ ಎಷ್ಟಾಯ್ತು ಅಂತ. ಸೊಸೆ ಹೇಳಿದ ಮೇಲೂ ಒಂದು ಗಳಿಗೆ ಅವಳ ಮುಖವನ್ನೇ ನೋಡುತ್ತಿದ್ದಳು, ಕಟ್ಟು ಬಿಚ್ಚುವ ಮೊದಲು ಮಾರುವವನ ಮುಖ ನೋಡುವ ಹಾಗೆ. ಏರಿದ್ದು ಸಾಲದು ಅನ್ನಿಸಿದರೆ ವಿಚಾರಣೆ ಶುರು: ಹಿಂಡಿದ ಹಾಲು ಎಲ್ಲಿ ಹೋಯಿತು, ಪಕ್ಕದವರ ಮಗುವಿಗೆ ಕೊಟ್ಟೆಯಾ, ಕುಡಿಸುವ ಹೊತ್ತಿಗೆ ನಿದ್ದೆ ಹೊಡೆದೆಯಾ? ಪಾಪ, ಆ ಹುಡುಗಿ ತಲೆ ತಗ್ಗಿಸಿ ಬಟ್ಟೆಯ ಗಂಟು ಸರಿಮಾಡುತ್ತ ಕೂತುಬಿಡುತ್ತಿದ್ದಳು.

ಒಂದು ಬೆಳಿಗ್ಗೆ ತೂಕ ಒಮ್ಮೆಲೇ ಜಿಗಿಯಿತು. ಡಾಕ್ಟರು ಖುಷಿಯಾಗಿ, ನಾಳೆಯೂ ಹೀಗೇ ಬಂದರೆ ಮನೆಗೆ ಕಳಿಸೋಣ ಅಂದರು. ಅಕ್ಕಪಕ್ಕದ ಮಂಚದವರಿಗೂ ಸಂತೋಷ. ತಕ್ಕಡಿಯಮ್ಮನಿಗೆ ಮಾತ್ರ ಅದು ಗಂಟಲಲ್ಲಿ ಇಳಿಯಲಿಲ್ಲ. ಇಷ್ಟು ದಿನ ಇರುವೆಯ ಹಾಗೆ ತೆವಳಿದ ತೂಕ ಹೀಗೆ ಹಾರುವುದುಂಟೆ? ಮಂಚ ಖಾಲಿ ಮಾಡಿಸಲು ಸಿಸ್ಟರ್ ಸುಳ್ಳು ತೂಕ ಹೇಳುತ್ತಿದ್ದಾಳೆ, ಅದರಲ್ಲಿ ಎರಡು ಮಾತಿಲ್ಲ. ಇನ್ನೂ ಗಟ್ಟಿಯಾಗದ ಕೂಸನ್ನು ಮನೆಗೆ ಸಾಗಹಾಕಿ, ಅಲ್ಲಿ ಉಸಿರು ನಿಂತರೆ ಯಾರು ಹೊಣೆ? ಸಿಸ್ಟರನ್ನು ಹಿಡಿದೇ ತೀರಬೇಕೆಂದು ಮಾರನೆಯ ದಿನ ಡಬ್ಬಿಯ ಗೊಡವೆಯನ್ನೂ ಬಿಟ್ಟು, ತೂಕದ ಹೊತ್ತಿಗೆ ಮೊದಲೇ ಬಂದು, ವಾರ್ಡಿನ ಬಾಗಿಲ ಪರದೆಯ ಹಿಂದೆ ಮೈಯೆಲ್ಲ ಕಣ್ಣಾಗಿ ನಿಂತಳು.

ಸಿಸ್ಟರ್ ಇನ್ನೂ ಆ ತುದಿಯ ಮಂಚದಲ್ಲಿದ್ದಳು. ಈ ಕಡೆ ಸೊಸೆ ಬೆನ್ನು ತಿರುಗಿಸಿ ಕೂತು, ಗಡಿಬಿಡಿಯಿಂದ ಮಗುವಿನ ಬಾಯಿಗೆ ಚಮಚದ ಮೇಲೆ ಚಮಚ ಹಾಲು ಸುರಿಯುತ್ತಿದ್ದಳು. ಮಗು ನುಂಗಲಾರದೆ ಮುಖ ತಿರುಗಿಸಿತು. ಹಾಲು ತುಟಿಯಂಚಿನಿಂದ ಕುತ್ತಿಗೆಗೆ ಇಳಿಯುತ್ತಿತ್ತು. ತಕ್ಕಡಿಯಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ತೂಗುವ ಮೊದಲು ಪೇಪರ್‌ಗೆ ನೀರು ಹೊಡೆಯುವವರನ್ನು ಅವಳು ಜೀವಮಾನವೆಲ್ಲ ಕಂಡಿದ್ದಳು. ಓಡಿಹೋಗಿ ಚಮಚ ಕಿತ್ತುಕೊಳ್ಳುವಷ್ಟರಲ್ಲಿ ಮಗುವಿನ ಮೂಗಿನಿಂದ ಹಾಲು ಬಂತು, ತುಟಿ ನೀಲಿಯಾಯಿತು.

ಮುದುಕಿ ಸಿಸ್ಟರನ್ನು ಕೂಗಿದ ಕೂಗು ಇಡೀ ವಾರ್ಡಿಗೆ ಕೇಳಿತು. ಸಿಸ್ಟರ್ ಬಂದವಳೇ ಮಗುವನ್ನು ಪಕ್ಕಕ್ಕೆ ಹೊರಳಿಸಿ, ಸಣ್ಣ ಕೊಳವೆಯಿಂದ ಬಾಯಿ ಮೂಗಿನ ಹಾಲು ತೆಗೆದು, ಬೆನ್ನು ಉಜ್ಜಿದಳು. ಕೊನೆಗೆ ಮಗು ಕೀರಲು ದನಿಯಲ್ಲಿ ಅತ್ತಿತು. ಸಿಸ್ಟರ್ ಅದನ್ನು ಡಾಕ್ಟರಿಗೆ ತೋರಿಸಲು ಎತ್ತಿಕೊಂಡು ಹೋದ ಮೇಲೆ ತಕ್ಕಡಿಯಮ್ಮ, ಯಾಕೆ ಹೀಗೆ ಮಾಡಿದೆ ಎಂದು ಹಲ್ಲು ಕಚ್ಚಿ ಕೇಳಿದಳು.

"ದಿನಾ ನೀವು ಮಗು ತೂಕ ಕೇಳ್ತಿರ್ಲಿಲ್ಲ ಅತ್ತೆ, ನನ್ನ ತೂಗ್ತಿದ್ರಿ," ಅಂದಳು ಸೊಸೆ. "ನಿಜ ಹೇಳಿದ್ರೂ ಕಳ್ಳಿ ಥರ ನೋಡ್ತಿದ್ರಿ. ಒಂದು ದಿನ ಆದ್ರೂ ನೀವು ಹಾಗೆ ನೋಡ್ದೆ ಇರ್ಲಿ ಅಂತ ನಿನ್ನೆನೂ ಮಾಡ್ದೆ, ಇವತ್ತೂ ಮಾಡ್ದೆ."

ತಕ್ಕಡಿಯಮ್ಮನಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಹೆದರಿಕೆಯಾಯಿತು. ಇಷ್ಟು ವರ್ಷ ಬೀದಿಯ ಮೋಸಗಾರರನ್ನು ಹಿಡಿಯುತ್ತ ಬಂದವಳು ಮನೆಯೊಳಗೆ ತಾನೇ ಒಬ್ಬಳನ್ನು ತಯಾರು ಮಾಡಿದ್ದಳು. ಅದಕ್ಕೆ ಮಗುವಿನ ಪ್ರಾಣವೇ ಹೋಗುವುದರಲ್ಲಿತ್ತು.

ಸಿಸ್ಟರ್ ವಾಪಸು ಬಂದು, ಮಗು ಸದ್ಯಕ್ಕೆ ಪಾರಾಯಿತು, ಈ ಹೊತ್ತಲ್ಲಿ ಹಾಲು ಕುಡಿಸಿದ್ದು ಯಾರು ಎಂದು ಕೇಳಿದಳು.

"ನಾನು," ಅಂದಳು ತಕ್ಕಡಿಯಮ್ಮ. "ನಾನೇ ಇವಳ ಕೈಲಿ ಕುಡಿಸ್ದೆ. ನಿನ್ನೆ ತೂಕಾನೂ ಸುಳ್ಳು, ಅದನ್ನ ಹೊಡೆದುಹಾಕಿ. ಮಗೂನ ಈಗ್ಲೇ ಮನೆಗೆ ಕಳಿಸ್ಬೇಡಿ."

ಸಿಸ್ಟರ್ ಹಿಂದೆ ಮುಂದೆ ನೋಡದೆ ಬೈದಳು. ಮಗು ಮನೆಗೆ ಹೋಗುವವರೆಗೂ ವಾರ್ಡಿನೊಳಗೆ ಕಾಲಿಡಕೂಡದು ಅಂದಳು. ಯಾರ ಮಾತಿಗೂ ಎದುರಾಡದೆ ಬಿಟ್ಟವಳಲ್ಲದ ತಕ್ಕಡಿಯಮ್ಮ ಈ ಸಲ ಹೊರಗೆ ನಡೆದಳು.

ವರಾಂಡದ ಬೆಂಚಿನ ಮೇಲೆ ಕೂತು ಮುಚ್ಚಿದ ಬಾಗಿಲು ನೋಡುವುದಷ್ಟೇ ಇನ್ನು ಅವಳಿಗೆ ಉಳಿದದ್ದು. ಒಳಗೆ ಮಗುವಿಗೆ ಯಾರು ಏನು ಮಾಡುತ್ತಿದ್ದಾರೋ, ಸೊಸೆ ಬಂದು ಹೇಳಿದ್ದೇ ಸುದ್ದಿ. ಮಾರನೆಯ ದಿನ ಡಬ್ಬಿ ತೆಗೆದುಕೊಳ್ಳಲು ಸೊಸೆ ಹೊರಗೆ ಬಂದಾಗ ಎಷ್ಟಾಯ್ತು ಅನ್ನುವ ಹಳೇ ಪ್ರಶ್ನೆ ಮುದುಕಿಯ ನಾಲಿಗೆಯ ತುದಿಗೆ ಬಂತು. ಕಷ್ಟಪಟ್ಟು ನುಂಗಿಕೊಂಡಳು.

"ತೂಕ ಇಳಿದಿದೆ ಅತ್ತೆ. ಮೊದಲಿಗಿಂತಾನೂ ಕಮ್ಮಿ," ಅಂದಳು ಸೊಸೆ ತಾನಾಗಿಯೇ. ಹೇಳಿ ತಲೆ ತಗ್ಗಿಸಲಿಲ್ಲ. ಅತ್ತೆಯ ಆ ನೋಟಕ್ಕಾಗಿ ಕಾಯುತ್ತ ಎದುರಿಗೇ ನಿಂತಳು.

ತಕ್ಕಡಿಯಮ್ಮನಿಗೆ ತನ್ನ ಕಣ್ಣಿನ ಮೇಲೇ ನಂಬಿಕೆ ಇರಲಿಲ್ಲ. ಎಷ್ಟು ತಡೆದರೂ ಅದು ಹಾಗೇ ನೋಡಿಬಿಟ್ಟೀತು ಅನ್ನಿಸಿತು. ಡಬ್ಬಿಯನ್ನು ಸೊಸೆಯ ಕೈಗೆ ಕೊಟ್ಟು, ನೆಲ ನೋಡುತ್ತಲೇ, "ನೀನು ಹೇಳಿದ್ಮೇಲೆ ಸರಿ," ಅಂದಳು.