ಸುಮಾಳ ಸೈಕಲ್ಲಿನ ಹಿಂದೆ ಮರಳ ಹಾದಿಯಲ್ಲಿ ತಿರುವನಂತಪುರಕ್ಕೆ

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಫೋರ್ಟ್ ಕೊಚ್ಚಿಯ ಸಮುದ್ರದಂಡೆಯಿಂದ ಒಂಬತ್ತು ಸೈಕಲ್ಲುಗಳು ಹೊರಟವು. ಎಂಟರ ಮೇಲೆ ಗಂಡಸರು, ಒಂಬತ್ತನೆಯದರ ಮೇಲೆ ನನ್ನ ಹೆಂಡತಿಯ ತಂಗಿ ಸುಮಾ. ಹಿಂದೆ ನಮ್ಮ ಹಳೆಯ ವ್ಯಾನಿನಲ್ಲಿ ನಾನು ಮತ್ತು ಹೆಂಡತಿ ಗಿರಿಜಾ. ವ್ಯಾನಿನೊಳಗೆ ಎರಡು ಗೊನೆ ನೇಂದ್ರ ಬಾಳೆಹಣ್ಣು, ಮೂರು ಕ್ಯಾನ್ ನೀರು, ಆರು ಟ್ಯೂಬು, ಒಂದು ಹೆಚ್ಚುವರಿ ಚಕ್ರ, ಸೀಮೆಎಣ್ಣೆ ಸ್ಟವ್, ಒಂದು ಚಾಪೆ. ಇಂಥ ಪ್ರಯಾಣಕ್ಕೆ ಹೊರಡುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಚಾಪೆ ಎರಡು ಇರಲಿ.

ಇದು ತೊಂಬತ್ತರ ದಶಕದ ನಡುವಿನ ಒಂದು ಫೆಬ್ರವರಿಯ ಮಾತು. ಕೊಚ್ಚಿ ಮತ್ತು ತಿರುವನಂತಪುರದ ಆಫೀಸು ನೌಕರರು ಕೆಲವರು ಸೇರಿ ಒಂದು ಸೈಕಲ್ ಕ್ಲಬ್ ಕಟ್ಟಿಕೊಂಡಿದ್ದರು. ವರ್ಷಕ್ಕೊಮ್ಮೆ ಕೊಚ್ಚಿಯಿಂದ ತಿರುವನಂತಪುರದ ಶಂಖುಮುಖಂ ಕಡಲತೀರದವರೆಗೆ ಸುಮಾರು ಇನ್ನೂರು ಕಿಲೋಮೀಟರ್ ಸವಾರಿ. ಡಾಂಬರು ರಸ್ತೆ ಅಡ್ಡ ಬಂದರೆ ದಾಟಬಹುದು, ಅದರ ಮೇಲೆ ಓಡಿಸುವಂತಿಲ್ಲ. ಸಮುದ್ರದಂಡೆಯ ಮರಳು, ಕಾಲುವೆಯ ಏರಿ, ತೆಂಗಿನ ತೋಪಿನ ಕಾಲುದಾರಿ, ಇಷ್ಟೇ ಹಾದಿ. ಸಂಜೆ ಆರೂವರೆಯಾದ ಮೇಲೆ ಸವಾರಿ ಇಲ್ಲ. ಐದು ಕಡೆ ಕಾರ್ಡಿಗೆ ಸಹಿ ಹಾಕಿಸಬೇಕು. ನಮ್ಮಂಥ ಸಹಾಯಕರು ಊಟ, ನೀರು, ರಿಪೇರಿ ಏನೇ ಕೊಡುವುದಿದ್ದರೂ ಆ ಐದು ಕಡೆ ಮಾತ್ರ. ಭಾನುವಾರ ಸಂಜೆ ಐದಕ್ಕೆ ಮುಂಚೆ ಶಂಖುಮುಖಂ ಮುಟ್ಟಿದವರ ಹೆಸರನ್ನು ಕ್ಲಬ್ಬಿನ ಕೋಣೆಯಲ್ಲಿದ್ದ ತಗಡಿನ ಬೋರ್ಡಿನ ಮೇಲೆ ಬರೆಸುತ್ತಿದ್ದರು. ಅಲ್ಲಿ ಏಳು ಹೆಸರುಗಳಿದ್ದವು. ಹೆಂಗಸಿನದು ಒಂದೂ ಇರಲಿಲ್ಲ.

ಸುಮಾ ಕೊಚ್ಚಿಯಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರ ನೌಕರಳು, ಆಗ ಮೂವತ್ತೆಂಟು ವರ್ಷ. ಹಿಂದಿನ ವರ್ಷ ಕೊಲ್ಲಂ ದಾಟಿದ ಮೇಲೆ ಮೊಣಕಾಲು ಊದಿ ಅರ್ಧಕ್ಕೇ ಬಿಟ್ಟಿದ್ದಳು. ಈ ವರ್ಷ ನಾಗಪುರಕ್ಕೆ ವರ್ಗವಾಗಿ ಆರ್ಡರ್ ಬಂದಿತ್ತು, ಮಾರ್ಚ್ ಕೊನೆಗೆ ಹೊರಡಬೇಕು. ಅಂದರೆ ಆ ಬೋರ್ಡಿನ ಮೇಲೆ ಹೆಸರು ಬರೆಸಿಕೊಳ್ಳಲು ಅವಳಿಗೆ ಉಳಿದಿದ್ದು ಇದೊಂದೇ ಸಲ.

ನನ್ನನ್ನು ಕರೆದದ್ದಕ್ಕೆ ಕಾರಣವಿತ್ತು. ತಿಪಟೂರಿನ ಕೊಬ್ಬರಿ ಲಾರಿಯಲ್ಲಿ ಕ್ಲೀನರ್ ಆಗಿ ಆಲುವಕ್ಕೆ ಬಂದಿಳಿದವನು ನಾನು. ಈಗ ಪಾಲಾರಿವಟ್ಟಂನಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇದೆ. ಈ ಕರಾವಳಿಯ ಯಾವ ಊರಿನಲ್ಲಿ ಯಾರ ಹತ್ತಿರ ಹೇಗೆ ಮಾತಾಡಬೇಕು ಎಂಬುದು ನನಗೆ ಗೊತ್ತು, ಅಥವಾ ಗೊತ್ತು ಎಂದುಕೊಂಡಿದ್ದೆ. "ಭಾವ ಇದ್ರೆ ದಾರೀಲಿ ಯಾರೂ ನಮ್ಮನ್ನ ಯಾಮಾರ್ಸೋಕಾಗಲ್ಲ," ಎಂದು ಸುಮಾ ಅಕ್ಕನಿಗೆ ಹೇಳಿದ್ದಳಂತೆ.

ಬೆಳಗಿನ ಹೊತ್ತು ಸಲೀಸಾಗಿ ಹೋಯಿತು. ಸುಮಾ ಹನ್ನೊಂದೂಕಾಲಕ್ಕೆ ಆಲಪ್ಪುಳ ತಲುಪಿದಳು. ಅಷ್ಟರಲ್ಲಿ ಇಬ್ಬರು ಗಂಡಸರು ಸವಾರಿ ಬಿಟ್ಟು ಬಸ್ಸು ಹತ್ತಿದ್ದರು. ನಾನು ಚೈನನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿ, ಟೈರಿನ ಗಾಳಿ ಸ್ವಲ್ಪ ಇಳಿಸಿದೆ. ಮರಳಿನಲ್ಲಿ ಗಾಳಿ ಬಿಗಿಯಾಗಿದ್ದರೆ ಚಕ್ರ ಹೂತುಹೋಗುತ್ತದೆ. ಚೈನಿಗೆ ಗ್ರೀಸ್ ಹಚ್ಚಲೇಬಾರದು, ದಂಡೆಯ ಮರಳೆಲ್ಲ ಅದಕ್ಕೇ ಅಂಟುತ್ತದೆ. ಗಿರಿಜಾ ಉಪ್ಪು ಹಾಕಿದ ಗಂಜಿ ಕೊಟ್ಟಳು. ಸುಮಾ ನಿಂತುಕೊಂಡೇ ಕುಡಿದಳು.

"ಕೂತ್ಕೊಳ್ಳೇ," ಎಂದಳು ಗಿರಿಜಾ.

"ಕೂತ್ರೆ ಏಳಲ್ಲ ಅಕ್ಕ."

ಮುಂದಿನ ನಿಲ್ದಾಣ ವಲಿಯಳೀಕ್ಕಲ್ ಕಡವು. ಕಾಯಂಕುಳದ ಹಿನ್ನೀರು ಸಮುದ್ರ ಸೇರುವ ಅಳಿವೆ ಅದು. ಸೇತುವೆ ಇಲ್ಲ, ದೋಣಿಯಲ್ಲೇ ದಾಟಬೇಕು. ದೋಣಿ ಗೊತ್ತುಮಾಡುವುದು ಸಹಾಯಕರ ಕೆಲಸ. ಸುಮಾಳ ಲೆಕ್ಕ ಹೀಗಿತ್ತು: ನಾಲ್ಕೂವರೆಗೆ ದಾಟುವುದು, ಕತ್ತಲಾಗುವುದರೊಳಗೆ ಇಪ್ಪತ್ತು ಕಿಲೋಮೀಟರ್ ಓಡಿಸಿ ನೀಂಡಕರದಲ್ಲಿ ಮಲಗುವುದು. ಆಗ ಭಾನುವಾರಕ್ಕೆ ಎಂಬತ್ತೈದೇ ಉಳಿಯುತ್ತಿತ್ತು.

ನಾವು ಮೂರಕ್ಕೇ ಕಡವಿಗೆ ಹೋದೆವು. ಪಂಚಾಯ್ತಿಯ ದೋಣಿಯ ಕೊನೆಯ ಸುತ್ತು ನಾಲ್ಕಕ್ಕೆ ಎಂದರು. ಖಾಸಗಿ ದೋಣಿ ಒಂದಿತ್ತು. ಅದರ ಯಜಮಾನ ದಿವಾಕರನ್, ಐವತ್ತೈದರ ಆಸುಪಾಸಿನ ಸಣಕಲು ಆಸಾಮಿ, ಹುಟ್ಟಿನ ಪಕ್ಕ ಕೂತು ಬೀಡಿ ಸೇದುತ್ತಿದ್ದ. ಒಂದು ಸೈಕಲ್, ಒಬ್ಬರು ಹೆಂಗಸು, ನಾಲ್ಕು ನಾಲ್ಕೂವರೆಗೆ ಬರುತ್ತಾರೆ ಎಂದೆ. ನಲವತ್ತು ರೂಪಾಯಿ ಎಂದ. ನಾನು ಇಪ್ಪತ್ತು ಎಂದೆ. ಅವನು ಸಮುದ್ರ ನೋಡಿದ. ಇಪ್ಪತ್ತೈದು ಎಂದೆ. "ಶರಿ ಸಾರ್," ಎಂದ, ಅಷ್ಟೇ. ಇಷ್ಟು ಬೇಗ ಒಪ್ಪಿದನಲ್ಲ, ಇಪ್ಪತ್ತಕ್ಕೇ ನಿಲ್ಲಬೇಕಿತ್ತು ಎಂದು ಗಿರಿಜಾಳ ಹತ್ತಿರ ಹೇಳಿಕೊಂಡು ಚಹಾ ಕುಡಿಯಲು ಹೋದೆ.

ನಾಲ್ಕು ಹೊಡೆಯುವ ಹೊತ್ತಿಗೆ ಮೀನು ವ್ಯಾಪಾರಿಗಳು ಮೂವರು ಐಸಿನ ಪೆಟ್ಟಿಗೆಗಳನ್ನು ಹೊತ್ತು ಬಂದರು. ದಿವಾಕರನ್ ಅವರನ್ನು ಹತ್ತಿಸಿಕೊಂಡು ಹೊರಟೇಬಿಟ್ಟ. ನಾನು ದಡದಲ್ಲಿ ನಿಂತು ಕೂಗಿದೆ. ಅವನು ಕೈ ಎತ್ತಿ ಬರುತ್ತೇನೆಂದು ಸನ್ನೆ ಮಾಡಿ ಹಿನ್ನೀರಿನ ಒಳಕ್ಕೆ ಹುಟ್ಟು ಹಾಕಿದ. ಪಂಚಾಯ್ತಿಯ ದೋಣಿ ಆಚೆ ದಡದಲ್ಲಿ ಕಟ್ಟಿಹಾಕಿಯಾಗಿತ್ತು. ನಾಲ್ಕೂ ಇಪ್ಪತ್ತಕ್ಕೆ ಸುಮಾ ಬಂದಳು, ಹುಬ್ಬಿನ ಮೇಲೆಲ್ಲ ಉಪ್ಪು.

"ದೋಣಿ ಎಲ್ಲಿ ಭಾವ?"

"ಬೇರೆ ಬಾಡಿಗೆ ಮೇಲೆ ಹೋಗಿದೆ ಕಣಮ್ಮ. ಇನ್ನೇನು ಬಂದುಬಿಡ್ತಾನೆ."

ಅವನು ಬಂದದ್ದು ಆರಕ್ಕೆ. ಸುಮಾ ದಡದ ಆ ತುದಿಯಲ್ಲಿ ಟೈರಿನ ಮರಳು ಕೆರೆಯುತ್ತಿದ್ದಳು. ನಾನು ದಿವಾಕರನ್‌ಗೆ ಒಂದಿಷ್ಟು ಮಾತು ಅಂದೆ. ಅವನಿಗೆ ಸಿಟ್ಟು ಬರಲಿಲ್ಲ.

"ಸಾರ್, ನಲವತ್ತು ಅಂದದ್ದು ಕಾಯುವುದೂ ಸೇರಿ. ಇಲ್ಲಿ ಎಲ್ಲರಿಗೂ ಹಾಗೇ. ನೀವು ಕಾಯುವುದನ್ನು ಕತ್ತರಿಸಿ ದಾಟಿಸುವುದಕ್ಕೆ ಮಾತ್ರ ಒಪ್ಪಿಸಿದಿರಿ. ದಾಟಿಸುತ್ತೇನೆ, ಬನ್ನಿ," ಎಂದ ಮಲಯಾಳದಲ್ಲಿ.

ಇಪ್ಪತ್ತು ವರ್ಷ ಈ ನಾಡಿನಲ್ಲಿ ವ್ಯಾಪಾರ ಮಾಡಿದ್ದೇನೆ, ಈ ಪದ್ಧತಿ ನನಗೆ ಗೊತ್ತಿರಲಿಲ್ಲ. ನೀವು ಕಡವಿಗೆ ಹೋದರೆ ಮೊದಲು ಕೇಳಬೇಕಾದದ್ದು ದರವಲ್ಲ. ದರದೊಳಗೆ ಕಾಯುವುದು ಸೇರಿದೆಯೇ ಎಂದು ಕೇಳಿ. ಗಿರಿಜಾ ಪಕ್ಕದಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಹದಿನೈದು ರೂಪಾಯಿ ಉಳಿಸಿದ್ರಲ್ಲ, ಏನು ತಗೋತೀರಿ ಅದರಲ್ಲಿ?" ಎಂದಳು.

ಸುಮಾ ಆಚೆ ದಡ ಮುಟ್ಟಿದಾಗ ಆರೂಕಾಲು ದಾಟಿತ್ತು. ಆ ದಿನದ ಸವಾರಿ ಅಲ್ಲಿಗೇ ನಿಂತಿತು. ನಾವು ಹೈವೇಗೆ ಹೋಗಿ, ಕಾಯಂಕುಳ, ಓಚ್ಚಿರ ಸುತ್ತಿ ಆಚೆ ದಡಕ್ಕೆ ಬರುವಷ್ಟರಲ್ಲಿ ಅವಳು ದಿವಾಕರನ್‌ನ ಅಕ್ಕನ ಮನೆಯ ಜಗಲಿಯಲ್ಲಿ ಕೂತು ಕಪ್ಪ, ಅಂದರೆ ಬೇಯಿಸಿದ ಮರಗೆಣಸು, ತಿನ್ನುತ್ತಿದ್ದಳು. ಅವನೇ ಕರೆದೊಯ್ದು ಕೂರಿಸಿದ್ದನಂತೆ. ಆ ಮನೆಯವರು ಮಲಗಲು ಜಾಗ ಕೊಟ್ಟರು, ಹಣ ಮುಟ್ಟಲಿಲ್ಲ. ಸುಮಾ ಹೆಚ್ಚು ಮಾತಾಡಲಿಲ್ಲ. ದಣಿವು ಎಂದುಕೊಂಡೆ.

ಭಾನುವಾರ ಆರಕ್ಕೆ ಹೊರಟಳು. ಎಂಬತ್ತೈದು ಆಗಬೇಕಿದ್ದದ್ದು ನೂರೈದು ಆಗಿತ್ತು. ಚವರದ ಹತ್ತಿರ ದಂಡೆಯ ಮರಳು ಕರಿ ಬಣ್ಣದ್ದು, ತೂಕದ್ದು. ಅಲ್ಲಿ ಅರ್ಧ ದಾರಿ ತಳ್ಳಿಕೊಂಡೇ ಹೋದಳಂತೆ. ನೀಂಡಕರದಲ್ಲಿ ಎಂಟೂ ಹತ್ತಕ್ಕೆ ಸಹಿ. ಪುಟ್ಟು ಕಡಲೆ ತಿನ್ನಿಸಿ ಕಳಿಸಿದೆವು. ಕಾಪ್ಪಿಲ್ ಹತ್ತಿರ ಹಿಂದಿನ ಚಕ್ರ ಪಂಚರ್ ಆಯಿತು. ಅದು ನಿಲ್ದಾಣವಲ್ಲವಾದ್ದರಿಂದ ನಾವು ಮುಟ್ಟುವಂತಿರಲಿಲ್ಲ. ರಸ್ತೆಯಲ್ಲಿ ವ್ಯಾನು ನಿಲ್ಲಿಸಿ ದೂರದಿಂದ ನೋಡಿದೆವು. ಟ್ಯೂಬು ಬದಲಿಸಿ ಗಾಳಿ ಹಾಕಲು ಇಪ್ಪತ್ತೈದು ನಿಮಿಷ ಹಿಡಿಯಿತು. ಅದೇ ಕೆಲಸ ನನ್ನ ಕೈಯಲ್ಲಿ ಎಂಟು ನಿಮಿಷದ್ದು.

"ಅವಳಿಗೆ ಹೇಳಿದ್ರಾ?" ಎಂದು ಗಿರಿಜಾ ಕೇಳಿದಳು. ದೋಣಿಯ ವಿಷಯ.

"ಈಗ ಹೇಳಿದ್ರೆ ಅವಳ ಕಾಲು ಜೋರಾಗಿ ಓಡುತ್ತಾ?"

"ನಿಮ್ಮ ನಾಲಿಗೆ ಮಾತ್ರ ಬೇಕಾದಾಗ ಓಡುತ್ತೆ."

ವರ್ಕಲದಲ್ಲಿ ಹನ್ನೆರಡೂ ಮುಕ್ಕಾಲು. ಮೊಣಕಾಲು ಮತ್ತೆ ಊದಲು ಶುರುವಾಗಿತ್ತು. ಗಿರಿಜಾ ಒದ್ದೆ ಬಟ್ಟೆ ಕಟ್ಟಿದಳು. ಬಿಟ್ಟುಬಿಡು ಎಂದು ನಾವಿಬ್ಬರೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಎರಡು ಬಾಳೆಹಣ್ಣು ಜೇಬಿಗೆ ಹಾಕಿಕೊಂಡು, "ಪೆರುಮಾತುರದಲ್ಲಿ ದೋಣಿ ಇರುತ್ತಲ್ಲ ಭಾವ?" ಎಂದಳು.

"ಇರುತ್ತೆ," ಎಂದೆ.

ಅಲ್ಲಿನ ದೋಣಿಯವನು ಮೂವತ್ತು ಕೇಳಿದ. ಒಂದು ಮಾತೂ ಆಡದೆ ಮೂವತ್ತು ಮುಂಗಡ ಕೊಟ್ಟು, ಬರುವವರೆಗೆ ಕಾಯಬೇಕು ಎಂದೆ. ಅವನಿಗೆ ನನ್ನ ಮೇಲೆ ಅನುಮಾನ ಬಂತು. "ಸೈಕಲ್ಲಿನಲ್ಲಿ ಏನು ಸಾರ್ ಸಾಗಿಸುತ್ತಿದ್ದೀರಿ?" ಎಂದು ಕೇಳಿದ. ಏನೂ ಇಲ್ಲ, ಬರೀ ನಾದಿನಿ ಎಂದು ಒಪ್ಪಿಸುವುದಕ್ಕೆ ಐದು ನಿಮಿಷ ಬೇಕಾಯಿತು. ಸುಮಾ ಮೂರಕ್ಕೆ ಬಂದಳು, ಇಳಿಯದೆಯೇ ಸೈಕಲ್ಲನ್ನು ನೀರಿನಂಚಿನವರೆಗೆ ತಂದಳು, ದಾಟಿದಳು. ಉಳಿದದ್ದು ಇಪ್ಪತ್ತೆರಡು ಕಿಲೋಮೀಟರ್, ಕೈಯಲ್ಲಿ ಎರಡು ಗಂಟೆಗೆ ಸ್ವಲ್ಪ ಕಡಿಮೆ. ಗಟ್ಟಿ ನೆಲದಲ್ಲಿ ಅದು ಆಟ. ಮರಳಿನಲ್ಲಿ, ಆ ಮೊಣಕಾಲಿನಲ್ಲಿ, ಅಲ್ಲ.

ಶಂಖುಮುಖಂನಲ್ಲಿ ತಿರುವನಂತಪುರದ ಎರಡು ಕನ್ನಡ ಸಂಸಾರಗಳು ಬಿಸಿಬೇಳೆಬಾತಿನ ಡಬ್ಬಿ ಹಿಡಿದು ಕಾದಿದ್ದವು. ಗಂಡಂದಿರು ಬಾಹ್ಯಾಕಾಶ ಕೇಂದ್ರದಲ್ಲಿ ಕೆಲಸದಲ್ಲಿದ್ದವರು. ಗಡಿಯಾರ ಹಿಡಿದು ಕೂತಿದ್ದವರು ನಿವೃತ್ತ ಸೈನ್ಯಾಧಿಕಾರಿ. ಎಲ್ಲರೂ ಮೇಜರ್ ಎಂದೇ ಕರೆಯುತ್ತಿದ್ದರು. ನಾಲ್ವರು ಗಂಡಸರು ಆಗಲೇ ಬಂದು ಮುಟ್ಟಿ, ಕಡಲೆಕಾಯಿ ತಿನ್ನುತ್ತ ಕೂತಿದ್ದರು. ಐದು ಹೊಡೆಯಿತು. ವೇಳಿ ಕಡೆಯ ದಂಡೆಯಲ್ಲಿ ಒಂದು ಚುಕ್ಕೆ ಕಾಣಿಸಿತು. ಗಿರಿಜಾ ಸೆರಗು ಬಿಗಿದುಕೊಂಡು ಆ ಕಡೆ ನಡೆಯತೊಡಗಿದಳು. ಕಡಲೆಕಾಯಿ ತಿನ್ನುತ್ತಿದ್ದವರು ಎದ್ದು ನಿಂತರು.

ಸುಮಾ ಗೆರೆ ಮುಟ್ಟಿದ್ದು ಐದು ಗಂಟೆ ಒಂಬತ್ತು ನಿಮಿಷಕ್ಕೆ.

ಮೇಜರ್ ಒಳ್ಳೆಯ ಮನುಷ್ಯ. ಕಾರ್ಡು ನೋಡಿ, ಕಡವಿನಲ್ಲಿ ಒಂದೂ ಮುಕ್ಕಾಲು ಗಂಟೆ ಹೋಗಿದೆಯಲ್ಲ, ಯಾಕೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ದೋಣಿಯೇ ಇಲ್ಲದೆ ತಡವಾಗಿದ್ದರೆ ಆ ಹೊತ್ತನ್ನು ಕಳೆಯಲು ನಿಯಮವಿದೆ. ಸಹಾಯಕ ಒಂದು ಕಾಗದದಲ್ಲಿ ಬರೆದು ಸಹಿ ಹಾಕಬೇಕು, ಸವಾರಳೂ ಕೆಳಗೆ ಸಹಿ ಹಾಕಬೇಕು ಎಂದು ಹೇಳಿ ಕಾಗದ, ಪೆನ್ನು ನನ್ನ ಕಡೆ ತಳ್ಳಿದರು.

ನಾನು ಪೆನ್ನು ತೆಗೆದುಕೊಂಡೆ. ನಿಜ ಹೇಳುತ್ತೇನೆ, ಅಂಗಡಿಯ ಗಲ್ಲಾದ ಹಿಂದೆ ಕೂತು ನಾನು ಆಡಿದ ಸುಳ್ಳುಗಳನ್ನು ಎಣಿಸಿದವರಿಲ್ಲ. ಬಾಯಿಮಾತಿನಲ್ಲಿ ಹೇಳಿದ್ದು ವ್ಯಾಪಾರ, ಕೇಳುವವನಿಗೂ ಅದು ಗೊತ್ತಿರುತ್ತದೆ. ಆದರೆ ಸುಳ್ಳಿನ ಕೆಳಗೆ ಸಹಿ ಹಾಕಿದವನಲ್ಲ. ನನ್ನ ಅಂಗಡಿ ನಿಂತಿರುವುದೇ ಸಹಿಯ ಮೇಲೆ. ಸುಮಾ ಸೈಕಲ್ಲಿಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು. 'ದೋಣಿ ಇರಲಿಲ್ಲ', ಎರಡು ಪದ ಸಾಕಿತ್ತು.

"ದೋಣಿ ಇತ್ತು ಸಾರ್," ಎಂದೆ. "ನಲವತ್ತು ಕೇಳಿದ. ನಾನು ಚೌಕಾಸಿ ಮಾಡಿ ಇಪ್ಪತ್ತೈದಕ್ಕೆ ಇಳಿಸಿದೆ. ಅದಕ್ಕೇ ಕಾಯಲಿಲ್ಲ."

ಮೇಜರ್ ಕಾಗದ ವಾಪಸ್ಸು ತೆಗೆದುಕೊಂಡರು. ಕಾರ್ಡಿನ ಮೇಲೆ ಹೊತ್ತು ಬರೆದು, ಅದರ ಮುಂದೆ 'ಅವಧಿ ಮೀರಿದೆ' ಎಂದು ಇಂಗ್ಲಿಷಿನಲ್ಲಿ ಬರೆದರು. ಸುಮಾ ಕಾರ್ಡನ್ನು ಓದಿ, ಮಡಚಿ ಇಟ್ಟುಕೊಂಡಳು. ಆಮೇಲೆ ಮರಳಿನ ಮೇಲೆ ಕೂತು ಅಕ್ಕನಿಂದ ಬಿಸಿಬೇಳೆಬಾತು ಬಡಿಸಿಕೊಂಡಳು. ನನ್ನ ಹತ್ತಿರ ಉಪ್ಪಿನಕಾಯಿ ಕೇಳಿದಳು, ಬೇರೇನೂ ಕೇಳಲಿಲ್ಲ.

ರಾತ್ರಿ ತಂಪಾನೂರಿನ ಒಂದು ಲಾಡ್ಜಿನಲ್ಲಿ ಉಳಿದೆವು. ಕೋಣೆಯ ಬಾಡಿಗೆಯಲ್ಲಿ ಮೂವತ್ತು ರೂಪಾಯಿ ಇಳಿಸಿದೆ. ಅಲ್ಲಿ ಯಾರೂ ಯಾರಿಗೂ ಕಾಯಬೇಕಾಗಿರಲಿಲ್ಲ. ತಂಪಾನೂರಿನಲ್ಲಿ ಉಳಿಯುವವರು ಬಸ್‌ಸ್ಟ್ಯಾಂಡಿಗೆ ಬೆನ್ನು ಹಾಕಿದ ಕೋಣೆಯನ್ನೇ ಕೇಳಿ ಪಡೆಯಿರಿ.

ಸೋಮವಾರ ಬೆಳಿಗ್ಗೆ ಹೈವೇಯಲ್ಲೇ ಹಿಂತಿರುಗಿದೆವು. ಎರಡು ದಿನದ ದಾರಿ ಐದು ಗಂಟೆಯದಾಯಿತು. ಸೈಕಲ್ ಹಿಂದೆ ಮಲಗಿತ್ತು, ಗಿರಿಜಾ ಅದರ ಪಕ್ಕ ಚಾಪೆಯ ಮೇಲೆ. ಸುಮಾ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದಳು. ಓಚ್ಚಿರ ದಾಟಿ ಕಾಯಂಕುಳ ಬರುವಾಗ ಎಡಕ್ಕೆ ಸಮುದ್ರದ ಕಡೆ ಹೋಗುವ ರಸ್ತೆಯೊಂದು ಕಂಡಿತು. ಅವಳು ಅದು ಹಿಂದಾಗುವವರೆಗೂ ಕತ್ತು ತಿರುಗಿಸಿ ನೋಡಿದಳು.

"ದಿವಾಕರನ್ ಚೇಟ್ಟ ಶನಿವಾರವೇ ನನಗೆ ಹೇಳಿದ್ದ ಭಾವ," ಎಂದಳು. "ದೋಣಿಯಲ್ಲೇ."

ನಾನು ಗೇರ್ ಬದಲಿಸಿದೆ.

"ನೀವು ಬರೆದಿದ್ರೆ ನಾನೂ ಕೆಳಗೆ ಸಹಿ ಹಾಕ್ತಿದ್ದೆ."

ಗಿರಾಕಿಯ ಮುಖ ನೋಡಿ ಅವನ ಮನಸ್ಸಿನಲ್ಲಿರುವ ದರ ಹೇಳಬಲ್ಲವನು ನಾನು. ಇದನ್ನು ಅವಳು ದೂರಿ ಹೇಳಿದಳೋ ಹಗುರಾಗಿ ಹೇಳಿದಳೋ ನನಗೆ ತಿಳಿಯಲಿಲ್ಲ. ಕೇಳೋಣವೆಂದು ಮಾತು ಕೂಡಿಸಿಕೊಳ್ಳುವಷ್ಟರಲ್ಲಿ ಹರಿಪ್ಪಾಡ್ ದಾಟಿತ್ತು, ಅವಳು ಗಾಜಿಗೆ ತಲೆ ಒರಗಿಸಿ ನಿದ್ದೆಹೋಗಿದ್ದಳು. ರಸ್ತೆಯ ಗುಂಡಿಗಳಲ್ಲಿ ನಿಧಾನ ಮಾಡಿಕೊಂಡು ಕೊಚ್ಚಿಯವರೆಗೆ ಓಡಿಸಿದೆ.