ಮೋಡ ಬಂದ ದಿನಗಳ ಚಿತ್ರ

ಇಲ್ಲ, ನಾಗವೇಣಿಯಕ್ಕ ಮೊದಲು ನಕ್ಕರು, ಕೇಳಿದ್ದು ಆಮೇಲೆ. ಅಥವಾ ಆ ನಗು ಬೇರೆ ದಿನದ್ದಿರಬಹುದು. ಎರಡು ವರ್ಷದಲ್ಲಿ ನನ್ನ ನೆನಪು ದಿನಗಳನ್ನು ಒಂದಕ್ಕೊಂದು ಅಂಟಿಸಿಬಿಟ್ಟಿದೆ.

ಆಗ ನಾನು ಹೊನ್ನಾವರದಲ್ಲಿ, ನದಿದಂಡೆಯ ಕೊರೆತ ಅಳೆಯುವ ಸಣ್ಣ ತಂಡವೊಂದರ ಡೇಟಾ ಎಂಜಿನಿಯರ್. ಭಟ್ಕಳದಿಂದ ಕುಮಟಾದವರೆಗಿನ ಉಪಗ್ರಹ ಚಿತ್ರಗಳು ತಾವಾಗಿಯೇ ಕ್ಲೌಡ್ ಸ್ಟೋರೇಜ್‌ಗೆ, ಎಂದರೆ ಎಲ್ಲೋ ದೂರದ ಬಾಡಿಗೆ ಸರ್ವರುಗಳಿಗೆ, ಸೇರುವಂತೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಅದರಲ್ಲೊಂದು ಫಿಲ್ಟರ್ ಇತ್ತು: ಅರ್ಧಕ್ಕಿಂತ ಹೆಚ್ಚು ಮೋಡ ಮುಚ್ಚಿದ ಚಿತ್ರವನ್ನು ಇಳಿಸಿಕೊಳ್ಳುವುದೇ ಬೇಡ. ಎಲ್ಲ ಕಡೆ ಹಾಗೇ ಮಾಡುತ್ತಾರೆ.

ನಾಗವೇಣಿಯಕ್ಕ ನಮ್ಮ ಆಫೀಸಿನ ಕಟ್ಟಡದ ಒಡತಿ, ಕೆಳಗಿನ ಮನೆಯಲ್ಲೇ ಇದ್ದರು. ಕ್ಲೌಡ್ ಎಂದರೆ ಮೋಡ ಎಂದು ನಾನೇ ಅವರಿಗೆ ಹೇಳಿದ್ದೆ.

"ಮೋಡದಲ್ಲೇ ಇಡೂದು ಅಂತೀರಿ, ಮೋಡ ಬಂದ್ರೆ ಬ್ಯಾಡ ಅಂತೀರಿ. ಎಂತ ಕೆಲಸ ತಮಾ ಇದು?"

"ಮಳೆಗಾಲದಲ್ಲಿ ಪುಕ್ಕಟೆ ಸಂಬಳ ಅಕ್ಕಾ."

ಅಕ್ಕ ನಕ್ಕರು. ಆಮೇಲೆ ಕುರ್ಚಿ ಎಳೆದು ಕೂತು, ಶರಾವತಿ ದಂಡೆಯ ಒಂದು ಮೂಲೆ ತೋರಿಸು ಎಂದರು. ಅವರ ಮೊದಲ ಮಗು ಹೆಸರಿಡುವ ಮುಂಚೆಯೇ ತೀರಿಕೊಂಡಿತ್ತು. ಅಲ್ಲಿ ಗಾಳಿಮರದ ಬುಡದಲ್ಲಿ ಮಣ್ಣು ಮಾಡಿದ್ದರು. ಆಗಾಗ ಹೋಗಿ ಒಂದು ಹೂ ಇಟ್ಟು ಬರುತ್ತಿದ್ದರಂತೆ. ಹಿಂದಿನ ಮಳೆಗಾಲದಲ್ಲಿ ತಂಗಿಯ ಮಗಳ ಬಾಣಂತನಕ್ಕೆಂದು ಭಟ್ಕಳಕ್ಕೆ ಹೋದರು. ಜೋರು ಮಳೆಯೆಂದು ಹೊರಡುವ ಮುಂಚೆ ದಂಡೆಯ ಕಡೆ ಹೋಗಿರಲಿಲ್ಲ. ತಿರುಗಿ ಬಂದಾಗ ದಂಡೆಯೇ ಇರಲಿಲ್ಲ.

"ನಾ ಊರಲ್ಲಿರುವಾಗ್ಲೇ ಹೋಯ್ತಾ, ಭಟ್ಕಳದಲ್ಲಿ ಬೇರೆ ಕೂಸಿಗೆ ನೀರು ಹೊಯ್ತಾ ಇದ್ದಾಗ ಹೋಯ್ತಾ? ಅಷ್ಟು ಹೇಳು, ಸಾಕು."

ನಮ್ಮ ಸಂಗ್ರಹದಲ್ಲಿ ಮೇ ತಿಂಗಳ ಚಿತ್ರದಲ್ಲಿ ದಂಡೆ ಇತ್ತು, ಅಕ್ಟೋಬರಿನದರಲ್ಲಿ ಇಲ್ಲ. ನಡುವೆ ಏನೂ ಇಲ್ಲ. ಫಿಲ್ಟರ್ ತೆಗೆದು, ಬಿಟ್ಟುಹೋದ ಚಿತ್ರಗಳನ್ನೆಲ್ಲ ಮೂಲದಿಂದ ಮತ್ತೆ ತರಿಸಿದೆ. ಬಿಳಿ, ಬಿಳಿ, ಬರೀ ಬಿಳಿ. ಅವರು ಭಟ್ಕಳಕ್ಕೆ ಹೊರಡುವ ಹಿಂದಿನ ದಿನದ್ದರಲ್ಲಿ ಮಾತ್ರ ಮೋಡ ಸ್ವಲ್ಪ ಹರಿದಿತ್ತು. ದಂಡೆಯ ಜಾಗದಲ್ಲಿ ಕಪ್ಪು.

"ನೀರೇ ಅಲ್ದಾ?" ಎಂದರು. ದನಿಯಲ್ಲಿ ಆಸೆಯಿತ್ತು. ದಂಡೆ ತಾವು ಊರಲ್ಲಿದ್ದಾಗಲೇ ಹೋಗಿರಲಿ ಎಂಬ ಆಸೆ.

"ಮೋಡದ ನೆರಳು ಬಿದ್ರೂ ಹಿಂಗೇ ಕಾಣ್ತದೆ ಅಕ್ಕಾ. ನೆರಳಾದ್ರೆ ದಂಡೆ ಆವತ್ತು ಇತ್ತು."

"ನೀರು ಅಂತ ಹೇಳಿಬಿಡು ತಮಾ. ನಿಂದು ಎಂತ ಹೋಗ್ತದೆ?"

ನಾನು ಆ ಕಪ್ಪನ್ನು ಇನ್ನೂ ದೊಡ್ಡದು ಮಾಡಿ ನೋಡಿದೆ. ಅವರು "ಆತು" ಎಂದು ಎದ್ದು ಕೆಳಗೆ ಹೋದರು.

ಆ ಫಿಲ್ಟರನ್ನು ನಾನು ಮತ್ತೆ ಹಾಕಲಿಲ್ಲ. ಯಾರು ಏನು ಹುಡುಕಿಕೊಂಡು ಬರುತ್ತಾರೆಂದು ತಿಳಿಯುವ ಮುಂಚೆ ಯಾವ ಚಿತ್ರವನ್ನೂ ಕೆಟ್ಟದ್ದೆನ್ನಬಾರದು ಎಂದು ಈ ಕೆಲಸ ಕಲಿಸಿತು. ಆ ಪಾಠದಿಂದ ಅಕ್ಕನಿಗೆ ಏನೂ ಸಿಗಲಿಲ್ಲ. ಚಿತ್ರವನ್ನು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲೂ ನೋಡಿದೆ, ಬಲ್ಲವರಿಗೆ ಕಳಿಸಿದೆ. ಒಬ್ಬರು ನೀರು ಎಂದರು, ಇನ್ನೊಬ್ಬರು ನೆರಳು ಎಂದರು. ನನಗೆ ಗೊತ್ತಿಲ್ಲ.